ಡಬ್ಬಿ ಕೊಳ್ಳುವ ಮೊದಲು ಒಣ ಎಲೆ ಕೂಡಿಡಿ

ಎರಡನೇ ಮಹಡಿಯ ಮನೆಯಲ್ಲಿ ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಲು ಯಾವ ಡಬ್ಬಿ, ಕಸ ಕೊಳೆಯಿಸುವ ಜೀವಾಣುಗಳಿರುವ ಯಾವ ಕಲ್ಚರ್ ಪುಡಿ ಕೊಳ್ಳಬೇಕು ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ಬಾಗಲಕೋಟೆಯ ನವನಗರದಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ತಿರುಗಿ, ಎರಡನ್ನೂ ಕೊಂಡು, ಕೊನೆಗೆ ಅತ್ತೆಯವರು ಹನ್ನೊಂದು ವರ್ಷ ಸಾಕಿದ್ದ ಕರಿಬೇವಿನ ಗಿಡವನ್ನು ಕಳೆದೆ.

ಬಿಗಿ ಮುಚ್ಚಳದ 20 ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿಗೆ ದಿನವೂ ಸೌತೆಕಾಯಿ ಸಿಪ್ಪೆ, ಮೆಂತ್ಯದ ದಂಟು, ಸೋಸಿದ ಚಹಾಪುಡಿ, ಕಲ್ಲಂಗಡಿಯ ತೊಗಟೆ ಹಾಕಿ ಮೇಲೆ ಒಂದು ಚಮಚ ಪುಡಿ ಉದುರಿಸುತ್ತಿದ್ದೆ. ಹತ್ತನೇ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ ಬಂದಿತು. ಜೀವಾಣುಗಳು ಸಾಲುತ್ತಿಲ್ಲವೆಂದು ಭಾವಿಸಿ ಹುಳಿ ಮಜ್ಜಿಗೆ, ಬೆಲ್ಲದ ನೀರು ಸುರಿದೆ. ವಾಸನೆ ಇನ್ನೂ ಹೆಚ್ಚಿತು, ಹುಳುಗಳಾದವು, ಪಕ್ಕದ ಮನೆಯವರು ಬಂದು ಕೇಳಿದರು. ಎರಡು ತಿಂಗಳ ನಂತರ ಆ ಕಪ್ಪು ರಾಡಿಯನ್ನೇ ಗೊಬ್ಬರವೆಂದು ನಂಬಿ ಕರಿಬೇವಿನ ಬುಡಕ್ಕೆ ಹಾಕಿದೆ. ಕೆಲವೇ ದಿನಗಳಲ್ಲಿ ಎಲೆಗಳು ಹಳದಿಯಾಗಿ ಉದುರಿದವು. ಗಿಡ ಮತ್ತೆ ಚಿಗುರಲಿಲ್ಲ. ಅತ್ತೆಯವರು ಬೈಯಲಿಲ್ಲ. ಒಗ್ಗರಣೆಗೆ ಪೇಟೆಯಿಂದ ಕರಿಬೇವು ತರಿಸುವಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ.

ತಪ್ಪು ಬಕೆಟ್ಟಿನದಲ್ಲ, ಪುಡಿಯದೂ ಅಲ್ಲ. ಒಣ ಪದಾರ್ಥವನ್ನು ಒಂದು ಹಿಡಿಯೂ ಹಾಕದೆ ಬರೀ ಹಸಿ ಕಸವನ್ನು ತುಂಬಿದ್ದು. ತರಕಾರಿ ಸಿಪ್ಪೆಯಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅದು ಕೊಳೆಯುತ್ತ ಮೆತ್ತಗಾದಂತೆ ಆ ನೀರು ಹೊರಬಂದು, ಗಾಳಿ ಆಡಬೇಕಾದ ಸಂದುಗಳನ್ನೆಲ್ಲ ತುಂಬುತ್ತದೆ. ಆಗ ಆಮ್ಲಜನಕ ಬೇಕಾದ ಜೀವಾಣುಗಳು ಸೋತು, ಅದು ಬೇಡದ ಜೀವಾಣುಗಳು ಮೇಲುಗೈ ಪಡೆದು ಹೈಡ್ರೋಜನ್ ಸಲ್ಫೈಡನ್ನೂ ಬೇರಿಗೆ ವಿಷವಾಗುವ ಆಮ್ಲಗಳನ್ನೂ ಉಂಟುಮಾಡುತ್ತವೆ. ಅಂಥ ಬಕೆಟ್ಟಿಗೆ ನಾನು ಮಜ್ಜಿಗೆ ಸುರಿದದ್ದೆಂದರೆ ಮುಳುಗುತ್ತಿದ್ದವನ ಮೇಲೆ ಇನ್ನಷ್ಟು ನೀರು ಹೊಯ್ದಂತೆ. ಇದರ ಜೊತೆಗೆ ಆಹಾರದ ಲೆಕ್ಕವೂ ಇದೆ: ಜೀವಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಹಸಿ ಸಿಪ್ಪೆಯಲ್ಲಿ ಇಂಗಾಲ ಅಷ್ಟಿರುವುದಿಲ್ಲ. ಒಣ ಎಲೆ, ಕಣಿಕೆ (ಜೋಳದ ಒಣ ದಂಟು), ರಟ್ಟಿನ ಚೂರು ಆ ಕೊರತೆಯನ್ನು ತುಂಬುತ್ತವೆ.

ಇದನ್ನು ನನಗೆ ಮೊದಲು ತಿಳಿಸಿದವರು ಮುಧೋಳ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ದೊಡ್ಡಪ್ಪ. ಬಕೆಟ್ಟಿನ ಮುಚ್ಚಳ ತೆಗೆದು ನೋಡಿ, "ಯವ್ವಾ, ತಿಪ್ಪಿಗೆ ಬರೇ ಸಗಣಿ ಹಾಕತೇವೇನು? ದನ ತಿಂದು ಬಿಟ್ಟ ಕಣಿಕಿ, ಕಸಾ, ಬೂದಿ ಎಲ್ಲಾ ಕೂಡಿದ್ರ ಗೊಬ್ಬರ ಆಕ್ಕೈತಿ" ಎಂದರು. ತಿಪ್ಪೆಯನ್ನು ನೋಡುತ್ತಲೇ ಬೆಳೆದ ನನಗೆ ಅದು ಹೊಳೆದಿರಲಿಲ್ಲ.

ಆದ್ದರಿಂದ ಯಾವ ಡಬ್ಬಿ ಎಂಬ ಪ್ರಶ್ನೆಯನ್ನು ಸದ್ಯ ಬಿಟ್ಟುಬಿಡಿ. ಪಕ್ಕದಲ್ಲೂ ತಳದಲ್ಲೂ ತೂತು ಕೊರೆದ ಹಳೆಯ ಬಕೆಟ್ ಸಾಕು. ಕೆಳಗೊಂದು ತಟ್ಟೆ ಇಡಿ. ಪುಡಿಯನ್ನಂತೂ ಕೊಳ್ಳಲೇಬೇಡಿ; ಜೀವಾಣುಗಳು ಸಿಪ್ಪೆ ಮತ್ತು ಎಲೆಗಳ ಮೇಲೆಯೇ ಇರುತ್ತವೆ, ಒಂದು ಹಿಡಿ ಹಳೆಯ ತಿಪ್ಪೆಗೊಬ್ಬರ ಸಿಕ್ಕರೆ ಸಾಕೆನ್ನುವುದಕ್ಕಿಂತ ಹೆಚ್ಚೇ ಆಯಿತು. ಒಂದು ಬೊಗಸೆ ಹಸಿ ಕಸಕ್ಕೆ ಎರಡು ಬೊಗಸೆ ಒಣ ಎಲೆ ಹಾಕಿ, ಸಿಪ್ಪೆ ಕಾಣದಂತೆ ಮುಚ್ಚಿ, ವಾರಕ್ಕೆರಡು ಸಲ ಕೆದಕಿ. ಮಾಂಸ, ಎಣ್ಣೆ ಪಲ್ಯ, ಮೊಸರು ಬೇಡ.

ದೊಡ್ಡ ರಾಶಿ 55–60 ಡಿಗ್ರಿ ಬಿಸಿಯಾಗುತ್ತದೆಂದು ಓದಿ ನಿಮ್ಮ ಬಕೆಟ್ ಬಿಸಿಯಾಗಲಿಲ್ಲವೆಂದು ಚಿಂತಿಸಬೇಡಿ. ಸುಮಾರು ಒಂದು ಘನ ಮೀಟರ್ ರಾಶಿಯಿದ್ದರೆ ಮಾತ್ರ ಆ ಶಾಖ ಒಳಗೆ ನಿಲ್ಲುತ್ತದೆ. ನಮ್ಮ ಕಡೆಯ ನಿಜವಾದ ತೊಂದರೆ ಏಪ್ರಿಲ್ ಬಿಸಿಲಿನದು. ಆಗ ಎಲ್ಲವೂ ಒಣಗಿ ಕೊಳೆಯುವುದೇ ನಿಂತುಹೋಗುತ್ತದೆ. ಒಂದು ಹಿಡಿ ತೆಗೆದು ಹಿಂಡಿದರೆ ಅಂಗೈ ತೇವವಾಗಬೇಕು, ನೀರು ಮಾತ್ರ ತೊಟ್ಟಿಕ್ಕಬಾರದು; ತೇವ ಕಾಣದಿದ್ದರೆ ನೀರು ಚಿಮುಕಿಸಿ ನೆರಳಿಗೆ ಸರಿಸಿ.

ಮೂರು ನಾಲ್ಕು ತಿಂಗಳಿಗೆ ಮೊದಲ ಮಳೆಯ ಮಣ್ಣಿನ ವಾಸನೆ ಬಂದು ಸಿಪ್ಪೆಯ ಗುರುತು ಅಳಿದರೆ ಗೊಬ್ಬರ ಮಾಗಿದೆ. ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿ, ಮೊದಲು ಅದರಲ್ಲಿ ನಾಲ್ಕು ಮೆಂತ್ಯದ ಕಾಳು ಬಿತ್ತಿ ನೋಡಿ. ಅವು ಚೆನ್ನಾಗಿ ಮೊಳೆತ ಮೇಲಷ್ಟೇ ನೀವು ಪ್ರೀತಿಯಿಂದ ಸಾಕಿದ ಗಿಡದ ಬುಡಕ್ಕೆ ಹಾಕಿ.