ಬೇಣದ ಮಟ್ಟಿಯೆಲ್ಲ ಕಿತ್ತರೆ ಕರಡ ಬರುತ್ತದೆಯೇ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು 3 ಎಕರೆ ಬೇಣ (ಹುಲ್ಲುಗಾವಲು). ಮೊದಲು ಸೊಂಟದೆತ್ತರ ಕರಡ (ಮೇವಿನ ಹುಲ್ಲು) ಬರುತ್ತಿತ್ತು. ಈಗ ಲಂಟಾನ, ಯುಪಟೋರಿಯಂ, ಕವಳಿ ಮಟ್ಟಿಯೇ (ಪೊದೆಯೇ) ತುಂಬಿ ದನಕ್ಕೆ ಮೇವಿಲ್ಲ. ಜೆಸಿಬಿ ತರಿಸಿ ಎಲ್ಲ ಕೀಳಿಸಿ ಬೆಂಕಿ ಕೊಡಬಹುದೇ?

ಉತ್ತರ: ದಯವಿಟ್ಟು ಎರಡೂ ಬೇಡ. ಮಣ್ಣು ಕೆದರಿದಲ್ಲಿ, ಸುಟ್ಟಲ್ಲಿ ಮೊದಲು ಏಳುವುದು ಲಂಟಾನ ಮತ್ತು ಯುಪಟೋರಿಯಂ. ಇವೆರಡೂ ಅಮೆರಿಕ ಖಂಡದಿಂದ ಬಂದ ಕಳೆಗಳು. ಕವಳಿ ನಮ್ಮದೇ ಗಿಡ, ಅದನ್ನು ಇವುಗಳ ಸಾಲಿಗೆ ಸೇರಿಸಬೇಡಿ.

ಒಂದು ಹಳೆಯ ಕವಳಿ ಮಟ್ಟಿಯನ್ನು ಕೋಲಿನಿಂದ ಸರಿಸಿ ಒಳಗೆ ನೋಡಿ. ದನ ಬಾಯಿ ಹಾಕಲಾಗದ ಆ ಮುಳ್ಳಿನ ನಡುವೆ ನೇರಳೆಯದೋ ಮತ್ತಿಯದೋ ಸಸಿ ಸಿಕ್ಕರೆ ಆಶ್ಚರ್ಯವಿಲ್ಲ. ಬಯಲಲ್ಲಿ ಹುಟ್ಟಿದ್ದರೆ ಅದು ಎಂದೋ ಮೇವಾಗುತ್ತಿತ್ತು. ಬೇಸಿಗೆಯಲ್ಲಿ ಹಣ್ಣಿಗೆ ಪಿಕಳಾರ ಬರುತ್ತದೆ, ಬುಡದಲ್ಲಿ ಮೊಲ, ಕಾಡುಕೋಳಿ ಅಡಗುತ್ತವೆ. ಹಾಗಾಗಿ ಹಳ್ಳದ ಬದಿಗೆ, ಕಾಡಿನ ಅಂಚಿಗೆ ಇರುವ ಕವಳಿ, ಪರಿಗೆ ಮಟ್ಟಿಗಳನ್ನು ಹಾಗೇ ಬಿಡಿ. ನಡುಬಯಲಿಗೆ ಹರಡಿದ್ದನ್ನಷ್ಟೇ ಸವರಿ.

ಲಂಟಾನವನ್ನು ಮೇಲಿಂದ ಕಡಿದರೆ ಬುಡದಿಂದ ದುಪ್ಪಟ್ಟು ಚಿಗುರುತ್ತದೆ. ಗುದ್ದಲಿಯಿಂದ ಮಣ್ಣು ಬಿಡಿಸಿ, ನೆಲದಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ. ಕಾಯಿ ಹಣ್ಣಾಗುವ ಮೊದಲೇ ಮಾಡಿ, ಇಲ್ಲವಾದರೆ ಹಕ್ಕಿಗಳೇ ಬಿತ್ತುತ್ತವೆ. ಯುಪಟೋರಿಯಂ ಅನ್ನು ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ ಬೇರುಸಹಿತ ಎಳೆಯಿರಿ. ಹೂ ಬಿಡುವ ಮೊದಲು ಕಿತ್ತದ್ದನ್ನು ತೋಟಕ್ಕೆ ಸೊಪ್ಪಾಗಿ ಹಾಕಬಹುದು.

ಕಿತ್ತ ಜಾಗ ಖಾಲಿ ಉಳಿಯಬಾರದು, ನಿಜವಾದ ಕೆಲಸ ಇದೇ. ಚೆನ್ನಾಗಿರುವ ಬೇಣದಿಂದ ಬೀಜ ಬಲಿತ ಕರಡ ಕೊಯ್ದು ತಂದಿಟ್ಟು, ಮಳೆ ಹಿಡಿಯುವ ಹೊತ್ತಿಗೆ ಬೀಜ ಉದುರಿಸಿ. ಆ ಮಳೆಗಾಲವಿಡೀ ಅಲ್ಲಿಗೆ ದನ ಬಿಡಬೇಡಿ. ವರ್ಷಕ್ಕೆ ಒಂದೇ ಎಕರೆ ಹಿಡಿದರೆ ಉಳಿದೆರಡು ಮೇಯಲು ಸಿಗುತ್ತವೆ. ಮುಂದೆಯೂ ಕರಡವನ್ನು ಬೀಜ ಉದುರಿದ ಮೇಲೆಯೇ ಕೊಯ್ಯಿರಿ. ಮಣ್ಣಿನಲ್ಲಿ ಉಳಿದ ಲಂಟಾನ ಬೀಜ ಮತ್ತೆ ಮೊಳೆಯುತ್ತದೆ, ಕೆಲವು ವರ್ಷ ಪ್ರತಿ ಮಳೆಗಾಲ ಒಂದು ಸುತ್ತು ಹಾಕಲೇಬೇಕು.

ಇನ್ನೊಂದು ಮಾತು. ಹಸಿದ ದನ ಲಂಟಾನ ಸೊಪ್ಪು ತಿಂದರೆ ಪಿತ್ತಜನಕಾಂಗ ಕೆಡುತ್ತದೆ. ಕಣ್ಣು ಹಳದಿಯಾಗಿ, ಮೂತಿಯ ಚರ್ಮ ಬಿರಿದು, ಬಿಸಿಲಿಗೆ ನಿಲ್ಲಲಾರದೆ ನೆರಳು ಹುಡುಕಿದರೆ ಕೂಡಲೇ ಕೊಟ್ಟಿಗೆಗೆ ಸೇರಿಸಿ ಪಶುವೈದ್ಯರನ್ನು ಕರೆಸಿ.