ಗದ್ದೆಯಂಚಿನಲ್ಲಿ ಸಿಗುವ 5ಜಿ ಮನೆಯೊಳಗೇಕೆ ಸಿಗದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಡಿಕೆ ತೋಟದ ನಡುವೆ ನಮ್ಮದು ಜಂಬಿಟ್ಟಿಗೆ ಗೋಡೆಯ ಹಳೆಯ ಮನೆ, ಅಂಗಳಕ್ಕೆ ತಗಡಿನ ಮಾಡು ಹಾಕಿಸಿದ್ದೇವೆ. ಎದುರಿನ ಗುಡ್ಡದ ಮೇಲೆ ಟವರ್ ಇದೆ. ಗದ್ದೆಯಂಚಿನಲ್ಲಿ ನಿಂತರೆ ಮೊಬೈಲಿನಲ್ಲಿ 5ಜಿ ಕಾಣಿಸುತ್ತದೆ, ಒಳಗೆ ಬಂದರೆ ಮಾಯವಾಗುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮನೆಯಿಂದ ಕೆಲಸ ಮಾಡುವ ಮಗಳಿಗಾಗಿ ತಂತಿಯಿಲ್ಲದ 5ಜಿ ಬ್ರಾಡ್‌ಬ್ಯಾಂಡ್ ಹಾಕಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹಾಕಿಸಬಹುದು, ಆದರೆ ಆಂಟೆನಾ ಎಲ್ಲಿ ನಿಲ್ಲುತ್ತದೆ ಎಂಬುದು ತೀರ್ಮಾನವಾದ ಮೇಲೆಯೇ ಹಣ ಕಟ್ಟಿ. 2022ರ ಅಕ್ಟೋಬರ್ 1ರಂದು ನಮ್ಮ ದೇಶದಲ್ಲಿ ಆರಂಭವಾದ 5ಜಿ ಒಂದೇ ಬಗೆಯ ಅಲೆಯ ಮೇಲೆ ಸಾಗುವುದಿಲ್ಲ. ಅದಕ್ಕಾಗಿ ಕಂಪನಿಗಳು ಆ ವರ್ಷದ ಹರಾಜಿನಲ್ಲಿ ಮುಖ್ಯವಾಗಿ ಕೊಂಡದ್ದು 700 ಮೆಗಾಹರ್ಟ್ಸ್, 3.3 ಗಿಗಾಹರ್ಟ್ಸ್ ಮತ್ತು 26 ಗಿಗಾಹರ್ಟ್ಸ್ ತರಂಗಗುಚ್ಛಗಳನ್ನು. ಮೊದಲನೆಯದರ ಅಲೆ ಹೆಚ್ಚುಕಡಿಮೆ ಒಂದು ಮೊಳ ಉದ್ದ, ಎರಡನೆಯದು ಸುಮಾರು 9 ಸೆಂಟಿಮೀಟರ್, ಮೂರನೆಯದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಉದ್ದನೆಯ ಅಲೆ ಗುಡ್ಡದ ಅಂಚನ್ನು ಬಳಸಿ ಬಂದು ಗೋಡೆಯನ್ನೂ ಒಂದಿಷ್ಟು ದಾಟುತ್ತದೆ, ಆದರೆ ಅಲ್ಲಿ ಮಾಹಿತಿ ಸಾಗುವ ದಾರಿ ಕಿರಿದು; 3.3 ಗಿಗಾಹರ್ಟ್ಸ್‌ನಲ್ಲಿ ಒಂದು ಕಂಪನಿಗೆ 100 ಮೆಗಾಹರ್ಟ್ಸ್‌ನಷ್ಟು ಅಗಲದ ದಾರಿ ದೊರೆತಿರುವುದರಿಂದ ಜಾಹೀರಾತಿನ ವೇಗವೆಲ್ಲ ಬಹುಮಟ್ಟಿಗೆ ಅಲ್ಲಿಂದಲೇ ಬರುತ್ತದೆ, ಆದರೆ ಆ ಅಲೆಯನ್ನು ನಿಮ್ಮ ದಪ್ಪ ಜಂಬಿಟ್ಟಿಗೆ ಗೋಡೆ ಹೀರಿಕೊಳ್ಳುತ್ತದೆ, ತಗಡು ತಿರುಗಿಸಿ ಕಳಿಸುತ್ತದೆ.

ಮಳೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಈ 3.3 ಗಿಗಾಹರ್ಟ್ಸ್ ಅಲೆಗೆ ಮಳೆಹನಿ ಅಷ್ಟೇನೂ ಅಡ್ಡಿಯಲ್ಲ. ಅಡ್ಡಿಯಾಗುವುದು ನೀರು ಕುಡಿದ ಗೋಡೆ ಮತ್ತು ತೋಯ್ದ ಸೋಗೆ. ಗುಡ್ಡದ ಟವರಿಗೆ ಫೈಬರ್ ಬಂದಿರದೆ ಇನ್ನೊಂದು ಟವರಿನಿಂದ ಮೈಕ್ರೋವೇವ್ ಮೂಲಕ ಸಂಪರ್ಕ ಕೊಟ್ಟಿದ್ದರೆ, ಆ ಕೊಂಡಿ 10 ಗಿಗಾಹರ್ಟ್ಸ್‌ಗಿಂತ ಮೇಲಿದ್ದಾಗ, ಬಿರುಮಳೆಗೆ ಅದೇ ಮೊದಲು ಸೊರಗುತ್ತದೆ. ಆಗ ನಿಮ್ಮ ಮೊಬೈಲಿನಲ್ಲಿ ಎಲ್ಲ ಕಡ್ಡಿಗಳೂ ತುಂಬಿದ್ದು, ಇಂಟರ್ನೆಟ್ ಮಾತ್ರ ಓಡುವುದಿಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಕಡ್ಡಿಗಳೂ ಇರುವುದಿಲ್ಲ.

ನಿಮ್ಮ ಮಗಳ ಕೆಲಸಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಟವರ್ ಹತ್ತಾರು, ಕೆಲವೊಮ್ಮೆ ನೂರಾರು ವ್ಯಾಟ್ ಶಕ್ತಿಯಲ್ಲಿ ಕೂಗಿ ಹೇಳುತ್ತದೆ. ಮೊಬೈಲ್ ಉತ್ತರಿಸುವುದು ಸಾಮಾನ್ಯವಾಗಿ 0.2 ವ್ಯಾಟಿನ ಪಿಸುಮಾತಿನಲ್ಲಿ. ಟವರಿನ ಮಾತು ಮೊಬೈಲಿಗೆ ಕೇಳಿಸಿದರೂ ಮೊಬೈಲಿನ ಮಾತು ಟವರಿಗೆ ಕೇಳಿಸದೆ ಹೋಗುವುದು ಇದರಿಂದಲೇ. ವಿಡಿಯೊ ಸರಾಗವಾಗಿ ನೋಡಬಹುದಾದ ಜಾಗದಲ್ಲಿ ವಿಡಿಯೊ ಸಭೆ ತಡವರಿಸುವುದಕ್ಕೆ ಇದೊಂದು ಮುಖ್ಯ ಕಾರಣ. ಆದ್ದರಿಂದ ಆಷಾಢದ ಒಂದು ಮಳೆಯ ದಿನ, ಆಂಟೆನಾ ನಿಲ್ಲಿಸಬೇಕೆಂದಿರುವ ಎತ್ತರದಲ್ಲೇ ಮೊಬೈಲ್ ಹಿಡಿದು, ಡೌನ್‌ಲೋಡ್ ವೇಗಕ್ಕಿಂತ ಮೊದಲು ಅಪ್‌ಲೋಡ್ ವೇಗವನ್ನು ನೋಡಿ. ಅಲ್ಲಿ ಸಿಕ್ಕರೆ ಆಂಟೆನಾವನ್ನು ಹೊರಗೆ ಟವರಿಗೆ ಮುಖಮಾಡಿ ಕಟ್ಟಿಸಿ, ಕೇಬಲ್ಲಿನಲ್ಲಿ ಒಳಗೆ ತನ್ನಿ. ಸಿಡಿಲಿನಿಂದ ರಕ್ಷಣೆಗೆ ಅರ್ತಿಂಗ್ ಮಾಡಿಸುವುದನ್ನು ಮರೆಯಬೇಡಿ. ಊರಿನ ಕೇಬಲ್‌ನವರು ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ತರುತ್ತಾರಾದರೆ, ಮರ ಬಿದ್ದು ಆಗಾಗ ತುಂಡಾದರೂ ಚಿಂತೆಯಿಲ್ಲ, ನಾನಂತೂ ಅದನ್ನೇ ಆರಿಸುತ್ತೇನೆ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ವೈಫೈ ನಿಧಾನ. ವೈಫೈ 7 ರೌಟರ್ ಕೊಂಡರೆ ಸರಿಹೋಗುವುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬಹುಶಃ ಇಲ್ಲ. ವೈಫೈ 7ರ ಹೆಗ್ಗಳಿಕೆಯಾದ 320 ಮೆಗಾಹರ್ಟ್ಸ್ ಅಗಲದ ಚಾನಲ್‌ಗೆ 6 ಗಿಗಾಹರ್ಟ್ಸ್ ತರಂಗಗುಚ್ಛ ಬೇಕು. ಅದರ ಕೆಳಗಿನ 500 ಮೆಗಾಹರ್ಟ್ಸ್ ಭಾಗವನ್ನು ಪರವಾನಗಿಯಿಲ್ಲದ ಬಳಕೆಗೆ ಬಿಡುವ ಕರಡು ನಿಯಮಗಳನ್ನು ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಹಿಡಿಸುವುದು ಅಂಥ ಒಂದೇ ಒಂದು ಚಾನಲ್. ನಿಮ್ಮ ಮೊಬೈಲ್, ಲ್ಯಾಪ್‌ಟಾಪ್‌ಗಳು ಹಳೆಯವಾಗಿದ್ದರೆ ಅದೂ ಉಪಯೋಗಕ್ಕೆ ಬಾರದು. ಒಂದಕ್ಕೊಂದು ತಾಗದ ಮೂರೇ ಚಾನಲ್‌ಗಳಿರುವ 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ರೌಟರ್‌ಗಳೆಲ್ಲ ನೂಕಾಡುತ್ತಿರುತ್ತವೆ. ಮೊದಲು ರೌಟರಿನ 5 ಗಿಗಾಹರ್ಟ್ಸ್ ವೈಫೈಗೆ ಬದಲಾಯಿಸಿ ನೋಡಿ. ಅದು ಗೋಡೆ ದಾಟಲು ಕಷ್ಟಪಡುತ್ತದೆ ಎಂಬುದೇ ಅಪಾರ್ಟ್‌ಮೆಂಟಿನಲ್ಲಿ ವರ, ಪಕ್ಕದ ಮನೆಯವರದೂ ನಿಮ್ಮಲ್ಲಿಗೆ ಅಷ್ಟಾಗಿ ಬರುವುದಿಲ್ಲವಲ್ಲ!

ಪ್ರಶ್ನೆ: ಟವರೇ ಇಲ್ಲದ ನಮ್ಮಂಥ ಕಾಡಿನೂರಿಗೆ ಉಪಗ್ರಹ ಇಂಟರ್ನೆಟ್ ಒದಗೀತೇ?
– ಓದುಗರೊಬ್ಬರು, ಜೋಯಿಡಾ

ಉತ್ತರ: ಟವರ್ ಬೇಡ, ಆದರೆ ಬಯಲು ಬೇಕು. 2025ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ಪರವಾನಗಿ ಪಡೆದ ಸ್ಟಾರ್‌ಲಿಂಕ್ ಎಂಬ ಇಂಟರ್ನೆಟ್ ಕಂಪನಿಯ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಟಿವಿ ಡಿಶ್‌ನ ಉಪಗ್ರಹ 35,786 ಕಿಲೋಮೀಟರ್ ಮೇಲೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಇವು ಅದಕ್ಕಿಂತ ತೀರ ಹತ್ತಿರವಿರುವುದರಿಂದ ಮಾತಿನ ನಡುವೆ ತಡ ಕಡಿಮೆ, ಆದರೆ ಒಂದೇ ಕಡೆ ನಿಲ್ಲದೆ ಸರಿಯುತ್ತಿರುವುದರಿಂದ ಒಂದು ಮರೆಯಾದಂತೆ ಇನ್ನೊಂದನ್ನು ಹಿಡಿಯಲು ಆಂಟೆನಾಕ್ಕೆ ಆಕಾಶದ ಬಹುಭಾಗ ಕಾಣುತ್ತಿರಬೇಕು. ಒಂದು ಕೊಂಬೆ ಅಡ್ಡ ಬಂದರೂ ಸಂಪರ್ಕ ಆಗಾಗ ಕಡಿದುಹೋಗುತ್ತದೆ. ಮನೆಯ ಸುತ್ತ ಮರಗಳಿದ್ದರೆ, ಅಡಿಕೆ ಒಣಹಾಕುವ ಅಂಗಳದ ನಡುವೆ ನಿಂತು ತಲೆಯೆತ್ತಿ ನೋಡಿ. ಆಕಾಶ ಎಷ್ಟು ಕಾಣುತ್ತದೋ ಅದರ ಮೇಲೆ ತೀರ್ಮಾನಿಸಿ.