ಮುಖಪುಟ ನೋಡಿ ಮರುಳಾಗಬೇಡಿ

ಪ್ರಶ್ನೆ: ಹಳೆಯ ಸಾಹಿತ್ಯ ಪತ್ರಿಕೆಗಳನ್ನು ಕೂಡಿಡುವ ಹುಚ್ಚು ಹತ್ತಿದೆ. ‘ಒಳ್ಳೆ ಸ್ಥಿತಿಯಲ್ಲಿದೆ’ ಅಂತ ಮಾರಿದ್ದು ಕೈಗೆ ಬಂದಾಗ ಪುಡಿಪುಡಿ. ಕೊಳ್ಳುವಾಗ ಏನು ನೋಡಬೇಕು? ಹರಿದ ಪುಟಕ್ಕೆ ಟೇಪ್ ಹಚ್ಚಬಹುದಾ?

ಉತ್ತರ: ಟೇಪ್ ಮಾತ್ರ ಬೇಡ. ಕೆಲವು ವರ್ಷಕ್ಕೆ ಅದರ ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟೆ ಬೀಳುತ್ತದೆ, ಮೇಲಿನ ಪ್ಲಾಸ್ಟಿಕ್ಕು ಒಣಗಿ ಉದುರುತ್ತದೆ. ನಾನೂ ಹಚ್ಚಿದವನೇ. ಒಂದು ಕವಿತೆಯ ನಟ್ಟನಡುವೆ ಆ ಪಟ್ಟೆ ಈಗಲೂ ಇದೆ. ಹರಿದ ತುಂಡನ್ನು ಅದೇ ಪುಟದೊಳಗೆ ಇಟ್ಟುಬಿಡಿ, ಸಾಕು.

ಇನ್ನು ಕೊಳ್ಳುವ ವಿಷಯ. ಮುಖಪುಟ ಬಿಡಿ, ನೇರವಾಗಿ ನಡುಪುಟ ತೆರೆದು ಪಿನ್ನು ನೋಡಿ. ತುಕ್ಕು ಹಿಡಿದಿದ್ದರೆ ಅದು ಸುತ್ತಲಿನ ಕಾಗದವನ್ನು ತಿಂದಿರುತ್ತದೆ, ನಡುಹಾಳೆ ಹಾಗೇ ಕೈಗೆ ಬರುತ್ತದೆ. ಆಮೇಲೆ ಪುಟ ಎಣಿಸಿ, ಒಂದೊಂದಾಗಿ, ಯಾಕೆಂದರೆ ಯಾರೋ ಇಷ್ಟಪಟ್ಟ ಚಿತ್ರವನ್ನು ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿಕೊಂಡಿದ್ದರೆ ಸುಮ್ನೆ ತಿರುವಿದಾಗ ಗೊತ್ತಾಗುವುದೇ ಇಲ್ಲ. ಸಂಚಿಕೆ 97ನೇ ಪುಟದಿಂದ ಶುರುವಾದರೆ ಗಾಬರಿ ಬೇಡ. ಎಷ್ಟೋ ಪತ್ರಿಕೆಗಳಲ್ಲಿ ಪುಟಸಂಖ್ಯೆ ಸಂಪುಟದ ಉದ್ದಕ್ಕೂ ಮುಂದುವರಿಯುತ್ತದೆ.

ಹೆಚ್ಚು ಜನ ಮೋಸಹೋಗುವುದು ಬೈಂಡ್ ಮಾಡಿಸಿದ ಸಂಪುಟಗಳಲ್ಲಿ. ನೋಡಲು ಗಟ್ಟಿಮುಟ್ಟು. ಆದರೆ ಬೈಂಡ್ ಮಾಡುವಾಗ ಮುಖಪುಟ, ಜಾಹೀರಾತಿನ ಹಾಳೆಗಳನ್ನು ಕಿತ್ತೆಸೆದು, ಅಂಚನ್ನು ಕತ್ತರಿಸಿ ಸಮ ಮಾಡಿರುವುದೇ ಜಾಸ್ತಿ. ನನಗಂತೂ ಆ ಜಾಹೀರಾತು ಬೇಕೇ ಬೇಕು. ‘ಶೀಘ್ರದಲ್ಲೇ ಬರಲಿದೆ’ ಎಂದು ಸಾರಿ ಕೊನೆಗೂ ಬಾರದ ಪುಸ್ತಕಗಳು ಸಿಗುವುದು ಅಲ್ಲೇ ಅಲ್ವಾ? ಮೂಲೆ ಮಡಚಿ ಮುಖಪುಟ ಮಾಸಿದ್ದರೂ ಪೂರ್ತಿ ಇರುವ ಬಿಡಿ ಸಂಚಿಕೆಯನ್ನೇ ನಾನು ಆರಿಸುತ್ತೇನೆ.

ಪುಡಿಯಾಗುವುದಕ್ಕೆ ಕಾರಣ ಕಾಗದವೇ. 19ನೇ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರಲ್ಲಿರುವ ಲಿಗ್ನಿನ್ (ಮರದ ನಾರನ್ನು ಬಿಗಿದಿಡುವ ಪದಾರ್ಥ) ಹಳದಿಯಾಗಿಸುತ್ತದೆ, ಆಮ್ಲ ಒಳಗಿಂದಲೇ ಸುಡುತ್ತದೆ. ಹಾಗಾಗಿ ಅದಕ್ಕಿಂತ ಹಿಂದಿನ, ಚಿಂದಿಬಟ್ಟೆಯಿಂದ ಮಾಡಿದ ಕಾಗದದ ಪತ್ರಿಕೆ ಎಷ್ಟೋ ಸಲ ನಿಮ್ಮ ಪುಡಿಪುಡಿಗಿಂತ ಗಟ್ಟಿಯಾಗಿರುತ್ತದೆ. ಆಗಿದ್ದನ್ನು ಹಿಂದೆ ತರಲಾಗದು, ನಿಧಾನ ಮಾಡಬಹುದು ಅಷ್ಟೆ. ಬಿಸಿಲು ಬೇಡ. ಲ್ಯಾಮಿನೇಶನ್ ಬೇಡವೇ ಬೇಡ. ಪಾಲಿಯೆಸ್ಟರ್ ಕವರಿನಲ್ಲಿ (ಬಟ್ಟೆಯದಲ್ಲ, ಪಾರದರ್ಶಕ ಹಾಳೆಯದು), ಹಿಂದೆ ಆಮ್ಲರಹಿತ ರಟ್ಟು ಕೊಟ್ಟು ಮಲಗಿಸಿಡಿ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಕವರು ಕಾಗದಕ್ಕೆ ಹಾಳು. ಗಾಳಿಯ ತೇವಾಂಶ ಶೇ. 35ರಿಂದ 50 ಇದ್ದರೆ ಒಳ್ಳೆಯದು. ಮುಗ್ಗಲು ವಾಸನೆ ಬಂದದ್ದನ್ನು ಉಳಿದವುಗಳ ಜೊತೆ ಸೇರಿಸಬೇಡಿ.

ಪೂರ್ತಿ ಸೆಟ್ಟೇ ಬೇಕೆಂಬ ಹಟವಿದ್ದರೆ ಅಲ್ಪಾಯುಷಿ ಪತ್ರಿಕೆ ಹಿಡಿಯಿರಿ. ಲಂಡನ್ನಿನ ‘ಬ್ಲಾಸ್ಟ್’ ಬಂದದ್ದೇ ಎರಡು ಸಂಚಿಕೆ, 1914ರಲ್ಲಿ ಒಂದು, 1915ರಲ್ಲಿ ಒಂದು. (ಅದು ಸಿಗಬೇಕಲ್ಲ, ಅದು ಬೇರೆ ಮಾತು.)

ದೂರದಿಂದ ತರಿಸುವಾಗ ಮುಖಪುಟದ ಫೋಟೋ ಕೇಳಬೇಡಿ, ಅದನ್ನು ಅವರೇ ಕಳಿಸುತ್ತಾರೆ. ಪಿನ್ನು ಕಾಣುವಂತೆ ನಡುಪುಟದ್ದು ಕೇಳಿ. ಕಳಿಸಲು ಹಿಂಜರಿದರೆ ಬಿಟ್ಟುಬಿಡಿ.